ಊಫರ್ ಕೆಟ್ಟಿಲ್ಲ, ಮೊದಲು ವೈರು ನೋಡಿ

ಹುಬ್ಬಳ್ಳಿಯಿಂದ ನರಗುಂದ, ವಿಜಯಪುರ ದಾಟಿ ಸೊಲ್ಲಾಪುರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 52 ನವಲಗುಂದದ ಮೇಲೆ ಹಾಯುತ್ತದೆ. ಸಂಜೆ ಹೊತ್ತು ಆ ರಸ್ತೆಯ ಪಕ್ಕ ನಿಂತವರಿಗೆ ಗಾಡಿ ಕಣ್ಣಿಗೆ ಬೀಳುವ ಮೊದಲೇ ಅದರ ಬಾಸ್ ಎದೆಗೆ ಬಡಿಯುತ್ತದೆ. ಡಿಕ್ಕಿ ತುಂಬ ಬಾಕ್ಸ್ ಇಟ್ಟ ಕಾರು, ಹಿಂದಿನ ಸೀಟಿನ ಬೆನ್ನಿಗೆ ಬಾಸ್ ಟ್ಯೂಬ್ ಕಟ್ಟಿದ ಬೊಲೆರೊ, ಮಡ್‌ಗಾರ್ಡಿನ ಮೇಲೆ ಜೋಡಿ ಬಾಕ್ಸ್ ಕೂರಿಸಿಕೊಂಡ ಟ್ರ್ಯಾಕ್ಟರ್. ಯಮನೂರು ಜಾತ್ರೆಯ ದಿನಗಳಲ್ಲಂತೂ ಇವುಗಳ ಸಾಲೇ ಸಾಲು. ಹೊಸದಾಗಿ ಹಾಕಿಸಿದಾಗ ಹಾಡು ಚೆನ್ನಾಗಿಯೇ ಕೇಳುತ್ತದೆ. ಕೆಲವು ತಿಂಗಳಿಗೆ ಹಾಡಿನ ಜೊತೆಗೆ ಬೇರೇನೋ ಸೇರಿಕೊಳ್ಳುತ್ತದೆ: ಒಂದು ಗುಂಯ್, ಒಂದು ಬರ್ರ್, ಒಂದು ಕರಕರ.

ಅಂಗಡಿಗೆ ಒಯ್ದರೆ ಉತ್ತರ ಸಿದ್ಧವಾಗಿರುತ್ತದೆ. "ಊಫರ್ ಹೋಗೇತ್ರಿ, ಹೊಸಾದು ಹಾಕಿಸಿಬಿಡ್ರಿ." ಮೂರು ನಾಲ್ಕು ಸಾವಿರದ ಮಾತು. ಆದರೆ ಬೇಡದ ಸದ್ದಿಗೆ ಊಫರೇ ಕಾರಣವಾಗಿರುವುದು ಕಡಿಮೆ. ಸಡಿಲವಾದ ಅರ್ಥಿಂಗ್ ಬೋಲ್ಟು, ಅಗ್ಗದ ಮೊಬೈಲ್ ಚಾರ್ಜರ್, ಮಿತಿ ಮೀರಿ ತಿರುಗಿಸಿದ ಗೇನ್, ಅಲುಗಾಡುವ ನಂಬರ್ ಪ್ಲೇಟು, ಇವೇ ಹೆಚ್ಚು. ಇವನ್ನೆಲ್ಲ ಒಂದು ಪಾನಾ, ಒಂದು ಪಾಲಿಶ್ ಪೇಪರ್ ಮತ್ತು ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ಇಟ್ಟುಕೊಂಡು ಮನೆಯ ಅಂಗಳದಲ್ಲೇ ನೋಡಬಹುದು.

ಮೊದಲು ಕಿವಿಗೊಟ್ಟು ಕೇಳಿ

ಬಿಚ್ಚುವ ಮೊದಲು ಕೇಳಬೇಕು. ಎಂಜಿನ್ ಆಫ್ ಮಾಡಿ, ಕೀಲಿಯನ್ನು ಒಂದು ಹಂತ ಮಾತ್ರ ತಿರುಗಿಸಿ ಹಾಡು ಹಚ್ಚಿ. ಸದ್ದು ಇದೆಯೇ? ಈಗ ಎಂಜಿನ್ ಚಾಲೂ ಮಾಡಿ. ಆಗ ಬಂತೇ? ಎಕ್ಸಿಲರೇಟರ್ ಒತ್ತಿದಂತೆ ಅದರ ಸ್ವರ ಏರುತ್ತದೆಯೇ? ಹಾಡು ಪೂರ್ತಿ ನಿಲ್ಲಿಸಿದರೂ ಉಳಿಯುತ್ತದೆಯೇ, ಅಥವಾ ಬಾಸ್ ಬಡಿದಾಗ ಮಾತ್ರ ಬರುತ್ತದೆಯೇ? ಹಾಡು ನಿಂತರೂ ಉಳಿಯುವ ಸದ್ದು ಕರೆಂಟಿನದು. ಬಾಸ್ ಬಡಿದಾಗ ಮಾತ್ರ ಬರುವುದು ಬಾಕ್ಸಿನದು, ಕೋನಿನದು ಅಥವಾ ಗಾಡಿಯ ತಗಡಿನದು. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಎಂಜಿನ್ ಜೊತೆ ಏರುವ ಸಣ್ಣ ಕೀರಲು ಸ್ವರ ಎಲ್ಲರಿಗೂ ಗೊತ್ತಿರುವುದೇ. ಅದು ಆಲ್ಟರ್ನೇಟರಿನದು. ಇದನ್ನು ಊಫರ್ ಮೇಲೆ ಹೊರಿಸುವುದು ಅನ್ಯಾಯ, ಲೆಕ್ಕ ಹಾಕಿದರೆ ತಿಳಿಯುತ್ತದೆ. ಸಾಮಾನ್ಯ ಕಾರಿನ ಆಲ್ಟರ್ನೇಟರಿನಲ್ಲಿ 12 ಧ್ರುವ, ಮೂರು ಫೇಸ್. ಡಯೋಡುಗಳು ಅದನ್ನು ಡಿಸಿಗೆ ತಿರುಗಿಸಿದ ಮೇಲೆ ಅದರ ಒಂದೊಂದು ಸುತ್ತಿಗೆ 36 ಸಣ್ಣ ಅಲೆ ಉಳಿಯುತ್ತವೆ. ಎಂಜಿನ್ ನಿಂತಲ್ಲೇ ನಿಮಿಷಕ್ಕೆ 800 ಸುತ್ತು ತಿರುಗುವಾಗ ಆಲ್ಟರ್ನೇಟರ್ ಸುಮಾರು 2000 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 33. ಗುಣಿಸಿದರೆ 1200 ಹರ್ಟ್ಸ್ ಆಸುಪಾಸು. ಊಫರಿಗೆ ಹೋಗುವ ಆಂಪ್ಲಿಫೈಯರಿನಲ್ಲಿ ಲೋ ಪಾಸ್ ಫಿಲ್ಟರ್ ಇರುತ್ತದೆ, ಅದನ್ನು 80 ಹರ್ಟ್ಸ್‌ಗೆ ಇಟ್ಟಿದ್ದರೆ 1200ರ ಸ್ವರ ಅಲ್ಲಿಂದ ಹೊರಬರುವುದೇ ಇಲ್ಲ. ಆ ಕೀರಲು ಬರುತ್ತಿರುವುದು ಬಾಗಿಲಿನ ಸ್ಪೀಕರುಗಳಿಂದ. ನಿಜಕ್ಕೂ ಊಫರಿನಿಂದಲೇ ಬರುತ್ತಿದ್ದರೆ ಆಂಪಿನ ಪುಟ್ಟ ಸ್ವಿಚ್ಚು 'ಎಲ್‌ಪಿಎಫ್' ಬದಲು 'ಫುಲ್' ಮೇಲೆ ನಿಂತಿದೆ, ಸರಿಸಿ.

ಇದಕ್ಕೊಂದು ವಿನಾಯಿತಿ ಇದೆ. ಆಲ್ಟರ್ನೇಟರಿನ ಒಂದು ಡಯೋಡ್ ಸುಟ್ಟರೆ ಅಲೆ ಒರಟಾಗಿ, ಸ್ವರ ಕೆಳಗಿಳಿದು 200 ಹರ್ಟ್ಸ್ ಹತ್ತಿರ ಬರುತ್ತದೆ. ಆಗ ಊಫರಿನಲ್ಲೂ ಒಂದು ದಪ್ಪ ಗೊರಗೊರ ಕೇಳಬಹುದು. ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ, ಎಂಜಿನ್ ಓಡುವಾಗ ಬ್ಯಾಟರಿಯ ಎರಡು ತುದಿಗೆ ಹಿಡಿಯಿರಿ. 0.1 ವೋಲ್ಟಿನ ಒಳಗಿದ್ದರೆ ಚಿಂತೆಯಿಲ್ಲ. 0.5 ದಾಟಿದರೆ ಆಡಿಯೋ ಅಂಗಡಿಗಲ್ಲ, ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಬೇಕು.

ಅರ್ಥಿಂಗ್ ಎಂಬ ಮೂಲ

ನಮ್ಮ ಕಡೆಯ ಗಾಡಿಗಳಲ್ಲಿ ಅತಿ ಹೆಚ್ಚು ಕಾಟ ಕೊಡುವುದು ಇದೇ. ಎರಿ ಮಣ್ಣಿನ ಸೀಮೆ ನಮ್ಮದು. ಈ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಮೇಲಿನ ರಸ್ತೆಯೂ ಅದರ ಜೊತೆಗೇ ಏಳುತ್ತದೆ, ಬೀಳುತ್ತದೆ. ಹೆದ್ದಾರಿ ಬಿಟ್ಟು ಮೊರಬ, ತಿರ್ಲಾಪುರ, ಅಳಗವಾಡಿ ಕಡೆಗೆ ದಿನಾ ಓಡಾಡುವ ಗಾಡಿಯ ಪ್ರತಿಯೊಂದು ನಟ್ಟಿಗೂ ಈ ಕುಲುಕಾಟ ಬಿಡುವುದಿಲ್ಲ. ಬೇಸಿಗೆಯಲ್ಲಿ ಹಿಟ್ಟಿನಂಥ ಕರಿ ದೂಳು ಸಂದಿಸಂದಿಗೂ ಇಳಿಯುತ್ತದೆ. ಹೀಗಿರುವಾಗ ಡಿಕ್ಕಿಯ ಮೂಲೆಯಲ್ಲಿ, ಬಣ್ಣದ ಮೇಲೆಯೇ ಒಂದು ಸ್ಕ್ರೂ ತಿರುವಿ ಕೊಟ್ಟ ಅರ್ಥಿಂಗ್ ಎಷ್ಟು ದಿನ ಬಾಳೀತು?

ಸದ್ದು ಹುಟ್ಟುವ ಬಗೆ ಹೀಗೆ. ಮುಂದಿನ ಸ್ಟೀರಿಯೋ ಡ್ಯಾಶ್‌ಬೋರ್ಡಿನ ಹಿಂದೆ ಒಂದು ಕಡೆ ಅರ್ಥ್ ಆಗಿರುತ್ತದೆ, ಹಿಂದಿನ ಆಂಪ್ ಡಿಕ್ಕಿಯಲ್ಲಿ ಇನ್ನೊಂದು ಕಡೆ. ಎರಡೂ ಕಡೆ ಸೊನ್ನೆ ವೋಲ್ಟ್ ಇರಬೇಕು. ಹಿಂದಿನ ಜೋಡಣೆ ಸಡಿಲವಾದರೆ ಅಲ್ಲಿ ಅರ್ಧ ವೋಲ್ಟೋ ಒಂದು ವೋಲ್ಟೋ ಮೇಲೇಳುತ್ತದೆ. ಮಲಪ್ರಭಾ ಕಾಲುವೆಯ ನೀರು ಎತ್ತರದ ಹೊಲದಿಂದ ತಗ್ಗಿನ ಹೊಲಕ್ಕೆ ಒಡ್ಡಿನ ಸಂದಿಯಲ್ಲಿ ಜಿನುಗಿದ ಹಾಗೆ, ಆ ಕರೆಂಟು ತಗ್ಗಿರುವ ಕಡೆಗೆ ದಾರಿ ಹುಡುಕುತ್ತದೆ. ಸಿಗುವ ದಾರಿ ಎಂದರೆ ಎರಡನ್ನೂ ಕೂಡಿಸಿರುವ ಆರ್‌ಸಿಎ ಕೇಬಲ್ಲಿನ ಹೊರಜಾಲರಿ. ಹಾಡು ಹರಿಯಬೇಕಾದ ತಂತಿಯಲ್ಲಿ ಆಲ್ಟರ್ನೇಟರಿನ ಅಲೆ, ಫ್ಯಾನಿನ ಗುರುಗು, ಇಂಡಿಕೇಟರಿನ ಟಿಕ್ ಟಿಕ್ ಎಲ್ಲವೂ ಹರಿಯತೊಡಗುತ್ತವೆ. ಇದನ್ನೇ ಗ್ರೌಂಡ್ ಲೂಪ್ ಎನ್ನುವುದು.

ಅಳೆಯುವುದು ಸುಲಭ. ಎಂಜಿನ್ ಚಾಲೂ ಇಟ್ಟು ಬಾಸ್ ಇರುವ ಹಾಡು ಹಚ್ಚಿ. ಮಲ್ಟಿಮೀಟರ್ ಡಿಸಿ ವೋಲ್ಟಿನಲ್ಲಿರಲಿ. ಒಂದು ಕಡ್ಡಿ ಆಂಪಿನ 'ಗ್ರೌಂಡ್' ತುದಿಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್ ತುದಿಗೆ (ಉದ್ದನೆಯ ವೈರ್ ಒಂದು ಬೇಕಾಗುತ್ತದೆ). 0.1 ಅಥವಾ 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ನಿಮ್ಮ ಕಳ್ಳ ಸಿಕ್ಕಿದ.

ರಿಪೇರಿಗೆ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಆಂಪಿನಿಂದ ಒಂದೂವರೆ ಅಡಿಯೊಳಗೆ, ಬಾಡಿಯ ದಪ್ಪ ತಗಡು ಇರುವ ಜಾಗ ನೋಡಿ. ಒಂದು ರೂಪಾಯಿ ನಾಣ್ಯದಷ್ಟು ಅಗಲ ಬಣ್ಣವನ್ನು ಪಾಲಿಶ್ ಪೇಪರಿನಿಂದ ಬಿಳಿ ತಗಡು ಹೊಳೆಯುವವರೆಗೂ ಉಜ್ಜಿ. ವೈರಿನ ತುದಿಗೆ ರಿಂಗ್ ಲಗ್ ಒತ್ತಿಸಿ, ಹಲ್ಲಿರುವ ವಾಷರ್ ಹಾಕಿ, ನಟ್ಟು ಬೋಲ್ಟಿನಿಂದ ಬಿಗಿಯಿರಿ. ಮೇಲೆ ಸ್ವಲ್ಪ ಗ್ರೀಸೋ ಬಣ್ಣವೋ ಹಚ್ಚಿದರೆ ತುಕ್ಕು ಹಿಡಿಯುವುದಿಲ್ಲ. ಸೀಟ್‌ಬೆಲ್ಟಿನ ಬೋಲ್ಟನ್ನು ಮಾತ್ರ ಈ ಕೆಲಸಕ್ಕೆ ಮುಟ್ಟಬೇಡಿ, ಅದು ಜೀವ ಕಾಯುವ ಬೋಲ್ಟು. ಅರ್ಥಿನ ವೈರು ಪಾಸಿಟಿವ್ ವೈರಿನಷ್ಟೇ ದಪ್ಪ ಇರಬೇಕು. ಮುಂದಿನಿಂದ ದಪ್ಪ ಕೆಂಪು ವೈರ್ ಎಳೆದು, ಅರ್ಥಿಗೆ ಬಲ್ಬಿನ ವೈರ್ ಕಟ್ಟಿರುವುದನ್ನು ಎಷ್ಟೋ ಗಾಡಿಗಳಲ್ಲಿ ಕಾಣಬಹುದು. ಹೋದಷ್ಟೇ ಕರೆಂಟು ವಾಪಸೂ ಬರಬೇಕಲ್ಲ?

ವೈರ್ ಕೊಳ್ಳುವಾಗ ತುದಿಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಕಿಟ್ ಎಂದು ಪೊಟ್ಟಣದಲ್ಲಿ ಬರುವ ಅಗ್ಗದ ವೈರುಗಳಲ್ಲಿ ಬಹುಪಾಲು ಇದೇ. ಅದೇ ದಪ್ಪದ ತಾಮ್ರದಷ್ಟು ಕರೆಂಟು ಅದು ಹೊರುವುದಿಲ್ಲ.

ಒಂದೊಂದಾಗಿ ಕಿತ್ತು ನೋಡುವುದು

ಅರ್ಥಿಂಗ್ ಸರಿಯಿದ್ದೂ ಸದ್ದು ಹೋಗದಿದ್ದರೆ ಹುಡುಕಾಟಕ್ಕೆ ಒಂದು ಕ್ರಮ ಬೇಕು. ಮೊದಲು ಕೈ ಹಾಕಬೇಕಾದ್ದು ಮೊಬೈಲಿಗೆ. ಆಕ್ಸ್ ವೈರಿನಿಂದ ಹಾಡು ಹಚ್ಚಿ, ಅದೇ ಮೊಬೈಲನ್ನು ಲೈಟರ್ ಸಾಕೆಟ್ಟಿನಲ್ಲಿ ಚಾರ್ಜಿಗೂ ಹಾಕಿರುತ್ತೇವೆ. ಚಾರ್ಜರ್ ಕಿತ್ತ ಕ್ಷಣ ಸದ್ದು ಮಾಯವಾದರೆ ಮುಂದಿನದು ಓದುವ ಅಗತ್ಯವೇ ಇಲ್ಲ. ಬಸ್‌ಸ್ಟ್ಯಾಂಡ್ ಬಳಿ ಐವತ್ತು ನೂರಕ್ಕೆ ಸಿಗುವ ಚಾರ್ಜರ್ ಬಿಟ್ಟು ಒಳ್ಳೆಯದು ಕೊಳ್ಳಿ, ಅಥವಾ ಬ್ಲೂಟೂತಿನಲ್ಲಿ ಹಾಡು ಕೇಳಿ.

ಆಮೇಲೆ ಎಲ್ಲವನ್ನೂ ಆಫ್ ಮಾಡಿ, ಆಂಪಿಗೆ ಬಂದಿರುವ ಎರಡು ಆರ್‌ಸಿಎ ಪಿನ್ನುಗಳನ್ನು ಕಿತ್ತು, ಮತ್ತೆ ಆನ್ ಮಾಡಿ. ಪಿನ್ ಇಲ್ಲದೆಯೂ ಊಫರ್ ಗುಂಯ್ ಎನ್ನುತ್ತಿದ್ದರೆ ದೋಷ ಆಂಪಿನಲ್ಲಿ ಅಥವಾ ಅದರ ಪವರ್ ವೈರಿನಲ್ಲಿದೆ. ಸುಮ್ಮನಾದರೆ ದೋಷ ಮುಂದುಗಡೆ: ಕೇಬಲ್ಲಿನಲ್ಲಿ ಅಥವಾ ಸ್ಟೀರಿಯೋದಲ್ಲಿ. ಈಗ ಚಾರ್ಜಿಗೆ ಹಾಕದ ಮೊಬೈಲನ್ನು ಒಂದು ಚಿಕ್ಕ ಆರ್‌ಸಿಎ ವೈರಿನಿಂದ ನೇರ ಆಂಪಿಗೆ ಕೊಡಿ. ಹಾಡು ಶುದ್ಧವಾಗಿ ಬಂದರೆ ಆಂಪ್, ಊಫರ್, ಬಾಕ್ಸ್ ಮೂರೂ ನಿರಪರಾಧಿಗಳು.

ಆನ್ ಇದ್ದಾಗಲೇ ಪಿನ್ ಕೀಳುವ ಅಭ್ಯಾಸ ಬಿಡಬೇಕು. ಕೆಲವು ಸ್ಟೀರಿಯೋಗಳ ಒಳಗೆ ಆರ್‌ಸಿಎ ಅರ್ಥಿಗೆ ಕೂದಲೆಳೆಯಂಥ ಪುಟ್ಟ ಫ್ಯೂಸ್ ಇರುತ್ತದೆ. ಆನ್ ಇದ್ದಾಗ ಕಿತ್ತು ಹಾಕಿದರೆ ಅದು ಹಾರಿಹೋಗುತ್ತದೆ, ಅಂದಿನಿಂದ ಎಂಜಿನ್ ಕೀರಲು ಶುರು. ಹೊರಗಿನಿಂದ ಏನೂ ಕಾಣದು, ಬಿಚ್ಚಿ ಬೆಸೆಯುವವರೇ ಬೇಕು.

ಕೇಬಲ್ ಎಳೆದಿರುವ ದಾರಿಯನ್ನೂ ನೋಡಿ. ಬ್ಯಾಟರಿಯ ದಪ್ಪ ವೈರೂ ಆರ್‌ಸಿಎ ವೈರೂ ಒಂದೇ ಟೇಪಿನಲ್ಲಿ ಸುತ್ತಿ ಒಂದೇ ಬದಿಯ ಮ್ಯಾಟಿನ ಕೆಳಗೆ ಹೋಗಿದ್ದರೆ ಬೇರೆ ಮಾಡಿ. ಒಂದು ಎಡಬದಿ, ಒಂದು ಬಲಬದಿ. ದಾಟಲೇಬೇಕಾದ ಕಡೆ ಕತ್ತರಿಯಂತೆ ಅಡ್ಡ ದಾಟಿಸಿ.

ಕಂಪನಿ ಸ್ಟೀರಿಯೋ ಉಳಿಸಿಕೊಂಡು ಊಫರ್ ಹಾಕಿಸಿದವರಿಗೆ ಇನ್ನೊಂದು ತೊಂದರೆ. ಅಂಥ ಸ್ಟೀರಿಯೋಗೆ ಆರ್‌ಸಿಎ ಕಿಂಡಿ ಇರುವುದಿಲ್ಲ, ಬಾಗಿಲಿನ ಸ್ಪೀಕರ್ ವೈರಿನಿಂದಲೇ ಕನ್ವರ್ಟರ್ ಹಾಕಿ ಸಿಗ್ನಲ್ ತೆಗೆಯುತ್ತಾರೆ. ಇಂದಿನ ಸ್ಟೀರಿಯೋಗಳಲ್ಲಿ ಸ್ಪೀಕರಿನ ಮೈನಸ್ ವೈರ್ ಅರ್ಥ್ ಅಲ್ಲ, ಅದರಲ್ಲೂ ಬ್ಯಾಟರಿಯ ಅರ್ಧದಷ್ಟು ವೋಲ್ಟ್ ನಿಂತಿರುತ್ತದೆ. 'ಮೈನಸ್ ಎಂದರೆ ಬಾಡಿ' ಎಂದು ಅದನ್ನು ತಗಡಿಗೆ ಕಚ್ಚಿಸಿದರೆ ಸದ್ದು ಬರುವುದಷ್ಟೇ ಅಲ್ಲ, ಸ್ಟೀರಿಯೋವೇ ಸುಡಬಹುದು.

ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಪುಟ್ಟ ಡಬ್ಬಿಯನ್ನು ಅಂಗಡಿಯವರು ಇಲ್ಲಿಯೇ ಮುಂದೆ ಇಡುತ್ತಾರೆ. ಸದ್ದು ನಿಲ್ಲುತ್ತದೆ, ನಿಜ. ಆದರೆ ಒಳಗಿರುವುದು ಚಿಕ್ಕ ಟ್ರಾನ್ಸ್‌ಫಾರ್ಮರ್. ಅಗ್ಗದ್ದಾದರೆ ಕೆಳಗಿನ ಸ್ವರಗಳನ್ನು ಅದು ಸರಿಯಾಗಿ ದಾಟಿಸುವುದಿಲ್ಲ. ಊಫರ್ ಹಾಕಿಸಿದ್ದೇ ಆ ಸ್ವರಗಳಿಗಾಗಿ. ಬಾಗಿಲಿನ ಸ್ಪೀಕರಿಗೆ ಬೇಕಾದರೆ ಹಾಕಿಸಿ, ಊಫರಿನ ದಾರಿಯಲ್ಲಿ ನನ್ನ ಮಟ್ಟಿಗೆ ಅದು ಬೇಡ.

ಗಾಡಿ ಆನ್ ಮಾಡಿದಾಗ, ಆಫ್ ಮಾಡಿದಾಗ ಒಂದೇ ಸಲ ಢಬ್ ಎಂದರೆ ಆಂಪಿನ 'ರಿಮೋಟ್' ವೈರನ್ನು ಇಗ್ನಿಷನ್ನಿಗೆ ಕೊಟ್ಟಿರಬಹುದು. ಅದು ಸ್ಟೀರಿಯೋದ ಹಿಂದಿನ ನೀಲಿ-ಬಿಳಿ ವೈರಿನಿಂದ ಬರಬೇಕು.

ಬಾಸ್ ಬಡಿದಾಗ ಮಾತ್ರ ಬರುವ ಸದ್ದು

ಇಲ್ಲಿ ಅಪರಾಧಿಗಳು ಹಲವರು, ಬಹುತೇಕರು ಬಡಪಾಯಿಗಳು. ಮೊಬೈಲಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು 20ರಿಂದ 80 ಹರ್ಟ್ಸ್‌ವರೆಗೆ ನಿಧಾನವಾಗಿ ಏರಿಸಿ. ಒಂದು ನಿರ್ದಿಷ್ಟ ಸ್ವರಕ್ಕೆ ಏನೋ ಒಂದು ಗಡಗಡ ಎನ್ನುತ್ತದೆ. ಅಲ್ಲೇ ನಿಲ್ಲಿಸಿ, ಹೊರಗೆ ನಿಂತವರು ಅಂಗೈಯಿಂದ ಒಂದೊಂದನ್ನೇ ಒತ್ತಿ ನೋಡಲಿ: ಡಿಕ್ಕಿಯ ಬಾಗಿಲು, ಹಿಂದಿನ ಗಾಜಿನ ಕೆಳಗಿನ ಟ್ರೇ, ಸ್ಟೆಪ್ನಿ, ಜಾಕು, ಪಾನಾ ಪೆಟ್ಟಿಗೆ. ಒತ್ತಿದಾಗ ಸುಮ್ಮನಾದದ್ದೇ ಮೂಲ. ಸಂದಿಗೆ ಫೋಮ್ ಪಟ್ಟಿ ಅಂಟಿಸಿದರೆ ಸಾಕು. ಹಳೆಯ ಜಮಖಾನೆಯ ತುಂಡೂ ಆದೀತು, ಜಮಖಾನೆಯ ಊರಾದ ನವಲಗುಂದದವರಿಗೆ ಅದಕ್ಕೇನು ಬರ?

ಹೆಚ್ಚಿನ ಸಲ ಸಿಕ್ಕಿಬೀಳುವುದು ಹಿಂದಿನ ನಂಬರ್ ಪ್ಲೇಟು. ಹಿಂದೆ ಬಿಚ್ಚಿ ಹಿಂಬದಿಗೆ ಫೋಮ್ ಅಂಟಿಸುತ್ತಿದ್ದೆವು. ಎಚ್‌ಎಸ್‌ಆರ್‌ಪಿ ಪ್ಲೇಟು ಬಂದ ಮೇಲೆ ಹಾಗೆ ಮಾಡುವಂತಿಲ್ಲ. ಅದು ಒಮ್ಮೆ ಹಾಕಿದರೆ ಮುರಿಯದೆ ಬಾರದ ಲಾಕಿನಿಂದ ಕೂತಿರುತ್ತದೆ. ಕೀಳಬೇಡಿ, ಅಂಚಿನ ಸಂದಿಯಿಂದಲೇ ತೆಳು ಫೋಮ್ ತೂರಿಸಿ.

ಬಾಕ್ಸಿನಿಂದ ಹಿಸ್, ಫುಸ್ ಎಂಬ ಗಾಳಿಯ ಸದ್ದು ಬಂದರೆ ಒಂದು ಊದಿನಕಡ್ಡಿ ಹಚ್ಚಿ. 40 ಹರ್ಟ್ಸ್ ಸ್ವರ ಹಚ್ಚಿ, ಕಡ್ಡಿಯನ್ನು ಬಾಕ್ಸಿನ ಮೂಲೆಗಳ ಸುತ್ತ, ವೈರ್ ಹೊರಬರುವ ಕಿಂಡಿಯ ಸುತ್ತ ಆಡಿಸಿ. ಹೊಗೆ ನಡುಗಿದ ಕಡೆ ಗಾಳಿ ಸೋರುತ್ತಿದೆ. ಒಳಗಿನಿಂದ ಸಿಲಿಕೋನ್ ಬಳಿಯಿರಿ. ಬಾಸ್ ಟ್ಯೂಬಿನ ಕೊಳವೆಯಿಂದ ಗಾಳಿ ಆಡುವುದು ಸಹಜ, ಅದಕ್ಕೆ ಬಟ್ಟೆ ತುರುಕಬೇಡಿ.

ಇನ್ನು ಕೋನ್. ಎಲ್ಲ ಆಫ್ ಮಾಡಿ, ಎರಡೂ ಕೈಯ ಬೆರಳನ್ನು ಕೋನಿನ ಎದುರುಬದುರು ಇಟ್ಟು ಸಮವಾಗಿ, ಮೆತ್ತಗೆ ಒಳಗೆ ಒತ್ತಿ. ಕರಕರ ಎಂದು ಉಜ್ಜಿದ ಸದ್ದು ಬೆರಳಿಗೇ ತಿಳಿದರೆ ಒಳಗಿನ ಕಾಯಿಲ್ ಆಯಸ್ಕಾಂತಕ್ಕೆ ತಾಗುತ್ತಿದೆ. ಒಂದೋ ಕಾಯಿಲ್ ಬಿಸಿಗೆ ಸೊಟ್ಟಗಾಗಿದೆ, ಇಲ್ಲವೇ ಸಂದಿಗೆ ದೂಳು ಇಳಿದಿದೆ. ಸುಟ್ಟ ವಾಸನೆಯೂ ಇದ್ದರೆ ಅನುಮಾನವೇ ಬೇಡ. ಈ ಲೇಖನದಲ್ಲಿ ಊಫರ್ ನಿಜವಾಗಿಯೂ 'ಹೋದ' ಜಾಗ ಇದೊಂದೇ. ಸುತ್ತಲಿನ ರಬ್ಬರು ಮಾತ್ರ ಬಿಟ್ಟಿದ್ದರೆ ಅಂಟಿಸಬಹುದು.

ಎರಡು ಊಫರ್ ಇದ್ದು, ಬಾಸೇ ಬಡಕಲಾಗಿ ಕೇಳಿದರೆ ಒಂದಕ್ಕೆ ವೈರ್ ಉಲ್ಟಾ ಆಗಿರಬಹುದು. ಆಂಪಿನಿಂದ ವೈರ್ ಬಿಡಿಸಿ, ಗಡಿಯಾರದ ಸೆಲ್ ಒಂದನ್ನು ಕ್ಷಣಮಾತ್ರ ತಾಗಿಸಿ. ಪ್ಲಸ್‌ಗೆ ಪ್ಲಸ್ ಕೊಟ್ಟಾಗ ಎರಡೂ ಕೋನು ಹೊರಗೆ ಜಿಗಿಯಬೇಕು.

ಗೇನ್ ಎಂಬ ಬಿರಡೆ

ಬಾಸ್ ಜೋರಾದಾಗ ಹಾಡು ಒಡೆದಂತೆ, ಹರಿದಂತೆ ಬಂದರೆ ಕೈ ಹೋಗಬೇಕಾದ್ದು ಆಂಪಿನ ಗೇನ್ ಮೇಲೆ. ಗೇನ್ ವಾಲ್ಯೂಮ್ ಅಲ್ಲ. ಸ್ಟೀರಿಯೋ ಕೊಡುವ ಸಿಗ್ನಲ್ಲಿಗೆ ಆಂಪನ್ನು ಹೊಂದಿಸುವ ಬಿರಡೆ ಅದು. ಪೂರ್ತಿ ತಿರುವಿದರೆ ಹೆಚ್ಚು ಬಲ ಬರುವುದಿಲ್ಲ, ಅಲೆಯ ತಲೆ ಕತ್ತರಿಸಿಹೋಗುತ್ತದೆ, ಕಾಯಿಲ್ ಕಾಯುತ್ತದೆ, ಸಣ್ಣಪುಟ್ಟ ಗುಂಯ್‌ಗಳೂ ದೊಡ್ಡದಾಗಿ ಕೇಳುತ್ತವೆ.

ಹೊಂದಿಸುವುದಕ್ಕೆ ಲೆಕ್ಕವಿದೆ: ಆಂಪಿನ ಆರ್‌ಎಂಎಸ್ ವ್ಯಾಟನ್ನು ಊಫರಿನ ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆಯಿರಿ. 300 ವ್ಯಾಟ್, 4 ಓಮ್ ಆದರೆ 1200ರ ವರ್ಗಮೂಲ, ಸುಮಾರು 34.6 ವೋಲ್ಟ್. ಊಫರ್ ವೈರ್ ಬಿಡಿಸಿ, ಬಾಸ್ ಬೂಸ್ಟ್ ಸೊನ್ನೆಗಿಟ್ಟು, ಸ್ಟೀರಿಯೋ ವಾಲ್ಯೂಮನ್ನು ಮುಕ್ಕಾಲಿಗೆ ಏರಿಸಿ, 50 ಹರ್ಟ್ಸ್ ಸ್ವರ ಹಚ್ಚಿ. ಆಂಪಿನ ಸ್ಪೀಕರ್ ತುದಿಯಲ್ಲಿ ಎಸಿ ವೋಲ್ಟ್ ನೋಡುತ್ತ ಆ ಅಂಕಿ ಬರುವವರೆಗೆ ಮಾತ್ರ ಗೇನ್ ತಿರುಗಿಸಿ, ಬಿಟ್ಟುಬಿಡಿ. ಆರ್‌ಎಂಎಸ್ ವ್ಯಾಟು ಕೈಪಿಡಿಯಲ್ಲಿರುತ್ತದೆ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಬರೆದ ಸಾವಿರಾರು ವ್ಯಾಟನ್ನು ಹಿಡಿದು ಲೆಕ್ಕ ಹಾಕಿದರೆ ಕಾಯಿಲ್ ಸುಟ್ಟೀತು.

ಟ್ರ್ಯಾಕ್ಟರಿನವರು ಗೇನ್ ಪೂರ್ತಿ ತಿರುವುವುದಕ್ಕೆ ಕಾರಣವಿದೆ, ಅದು ಶೋಕಿ ಮಾತ್ರ ಅಲ್ಲ. ಮುಚ್ಚಿದ ಕಾರಿನೊಳಗೆ ಕೆಳಗಿನ ಸ್ವರಗಳು ಗಾಳಿಯನ್ನು ಒತ್ತಿ ತಾವೇ ಬಲ ಪಡೆಯುತ್ತವೆ. ಬಯಲಿನ ಟ್ರ್ಯಾಕ್ಟರಿಗೆ ಆ ಲಾಭವಿಲ್ಲ, ಬಾಸ್ ಹೊಲಕ್ಕೆ ಹರಡಿ ಹೋಗುತ್ತದೆ. ಜೋರು ಮಾಡಿದರೆ ಕರೆಂಟು ಸಾಲುವುದಿಲ್ಲ. 500 ವ್ಯಾಟ್ ಆರ್‌ಎಂಎಸ್‌ನ ಡಿ ಕ್ಲಾಸ್ ಆಂಪ್ ಪೂರ್ತಿ ದುಡಿದರೆ 45 ಆಂಪಿಯರ್ ಹತ್ತಿರ ಎಳೆಯುತ್ತದೆ. ಟ್ರ್ಯಾಕ್ಟರಿನ ಆಲ್ಟರ್ನೇಟರ್ ಎಷ್ಟು ಕೊಡುತ್ತದೆ ಎಂದು ಅದರ ಮೇಲಿನ ಚೀಟಿ ನೋಡಿ, ಎಷ್ಟೋ ಸಲ ಅದಕ್ಕಿಂತ ಕಡಿಮೆಯೇ ಇರುತ್ತದೆ. ವೋಲ್ಟ್ ಕುಸಿದಾಗ ಹಾಡು ಒಡೆಯುತ್ತದೆ, ಮರುದಿನ ಟ್ರ್ಯಾಕ್ಟರ್ ತಳ್ಳಬೇಕಾಗುತ್ತದೆ. ಓಡುವ ಎಂಜಿನ್ನಿನಲ್ಲಿ ಬ್ಯಾಟರಿ 13.8ರಿಂದ 14.4 ವೋಲ್ಟ್ ತೋರಿಸಬೇಕು. ಬಾಸ್ ಬಡಿದಾಗ 12ಕ್ಕಿಂತ ಕೆಳಗೆ ಇಳಿದರೆ ಆಂಪ್ ಚಿಕ್ಕದು ಮಾಡಿ. ಟ್ರ್ಯಾಕ್ಟರಿನಲ್ಲಿ ಅರ್ಥನ್ನು ಬಾಡಿಗೆ ಕೊಡದೆ ನೇರ ಬ್ಯಾಟರಿಯ ನೆಗೆಟಿವ್‌ಗೇ ಎಳೆಯುವುದು ಲೇಸು. ಮೆರವಣಿಗೆಯ ಟ್ರಾಲಿಯಲ್ಲಿ ಇನ್ವರ್ಟರ್ ಇಟ್ಟು ಮನೆಯ ಆಂಪ್ ಹಚ್ಚಿದಾಗ ಬರುವ ಗುಂಯ್‌ಗೆ ಅಗ್ಗದ ಇನ್ವರ್ಟರಿನ ಚೌಕಾಕಾರದ ಅಲೆಯೇ ಕಾರಣ. ವೈರ್ ಬದಲಿಸಿದರೆ ಅದು ಹೋಗುವುದಿಲ್ಲ.

ಕಾರೇ ಇರಲಿ ಟ್ರ್ಯಾಕ್ಟರೇ ಇರಲಿ, ಬ್ಯಾಟರಿಯಿಂದ ಹೊರಟ ಕೆಂಪು ವೈರಿಗೆ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು. ಆಂಪಿನೊಳಗೆ ಇರುವ ಫ್ಯೂಸ್ ಈ ವೈರನ್ನು ಕಾಯುವುದಿಲ್ಲ. ಕುಲುಕಾಟಕ್ಕೆ ವೈರಿನ ಹೊದಿಕೆ ತಗಡಿಗೆ ಉಜ್ಜಿ ಹರಿದರೆ, ಫ್ಯೂಸ್ ಇಲ್ಲದ ಗಾಡಿಗೆ ಬೆಂಕಿ ಹತ್ತುತ್ತದೆ. ಪದೇ ಪದೇ ಹಾರುತ್ತದೆ ಎಂದು ಫ್ಯೂಸ್ ಜಾಗಕ್ಕೆ ತಂತಿ ಸುತ್ತುವವರ ಹತ್ತಿರ ಗಾಡಿ ಬಿಡಬೇಡಿ.

ಸದ್ದೆಲ್ಲ ಸರಿಹೋಗಿ ಶುದ್ಧ ಬಾಸ್ ಬಂದ ಮೇಲೂ ಅದು ಹೊರಗಿನವರಿಗೆ ಬೇಡದ ಸದ್ದೇ ಆಗಿರಬಹುದು. 2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6.

ಇಷ್ಟೆಲ್ಲ ನೋಡಿಯೂ ಬಗೆಹರಿಯದೆ ಹುಬ್ಬಳ್ಳಿಗೆ ಒಯ್ಯಬೇಕಾಗಿ ಬಂದರೆ ಬರಿಗೈಯಲ್ಲಿ ಹೋಗಬೇಡಿ. ಎಂಜಿನ್ ಆಫ್ ಇದ್ದಾಗ ಸದ್ದು ಇದೆಯೋ ಇಲ್ಲವೋ, ಆರ್‌ಸಿಎ ಕಿತ್ತಾಗ ಏನಾಯಿತು, ಆಂಪಿನ ಅರ್ಥಿಗೂ ಬ್ಯಾಟರಿಗೂ ನಡುವೆ ಎಷ್ಟು ವೋಲ್ಟ್ ಬಂತು, ಈ ಮೂರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಮೇಜಿನ ಮೇಲಿಡಿ. ಅದನ್ನು ಓದದೆಯೇ ಹೊಸ ಊಫರಿನ ದರ ಹೇಳುವ ಅಂಗಡಿಯಿಂದ ಎದ್ದು ಬನ್ನಿ.